ತೈನಾನಿನಲ್ಲಿ ಒಂದು ಬಾಣಂತನ

ಯೆರವಡಾ

ನಾನು ಪರದೇಶಕ್ಕೆ ಹೋದದ್ದು ಊರು ನೋಡುವುದಕ್ಕಲ್ಲ, ನೀರು ಹಾಕುವುದಕ್ಕೆ. ಇಪ್ಪತ್ತೆಂಟು ವರ್ಷದಿಂದ ಪುಣೆಯಲ್ಲಿ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ತಿಕ್ಕಿ ನೀರು ಹಾಕುವುದೇ ನನ್ನ ಕೆಲಸ. ಮನೆ ಯೆರವಡಾದಲ್ಲಿ, ದುಡಿಮೆ ಕೊಂಢವಾದ ಫ್ಲ್ಯಾಟುಗಳಲ್ಲಿ. ಕಲಿತದ್ದು ನಾಲ್ಕನೇ ಇಯತ್ತೆ. ಆದರೆ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಕೂತೆನೆಂದರೆ ಡಾಕ್ಟರಾಗಲಿ, ಕೂಸಿನ ಅಜ್ಜಿಯಾಗಲಿ, ನನ್ನೆದುರು ಸುಮ್ಮನೆ ನಿಲ್ಲಬೇಕು.

ಪ್ರವಾಸದ ಕಥೆಗೆ ಮುಂಚೆ ನಮ್ಮ ಮನೆಯ ಕಥೆ ಸ್ವಲ್ಪ ಹೇಳಬೇಕು. ನಮ್ಮಪ್ಪ ಭೀಮರಾಯ ದೌಂಡದಲ್ಲಿ ರೈಲ್ವೆ ಗ್ಯಾಂಗಮನ್. ಶಹಾಬಾದ ಕಡೆಯ ಊರಿನಲ್ಲಿ ನಮ್ಮವ್ವ ಗುರುಬಾಯಿ, ಅಣ್ಣ ಹಣಮಂತ, ನಾನು. ದೌಂಡದ ಚಾಳಿನಲ್ಲಿ ಚಂದ್ರಭಾಗಾ ಎಂಬ ಇನ್ನೊಬ್ಬ ಹೆಂಡತಿ, ಆಕೆಯ ಮಗಳು ನೀಲವ್ವ. ಅಪ್ಪ ಸತ್ತಾಗ ಎರಡೂ ಮನೆಯವರು ‘ನಾವೇ ಭೀಮರಾಯರ ಮನೆಯವರು’ ಎಂದರು. ಬಳಗದವರು ಊರಿನ ಮನೆಯನ್ನೇ ಹಿಡಿದರು. ಅಣ್ಣ ಒಂದು ಕಾನೂನು ಮಾಡಿದ. ದೌಂಡದವರನ್ನು ಯಾರು ಮದುವೆ ಮುಂಜಿಗೆ ಕರೆಯುತ್ತಾರೋ ಅವರ ಮನೆಗೆ ನಾವು ಹೋಗುವುದಿಲ್ಲ.

ನಾನು ಮದುವೆಯಾಗಿ ಪುಣೆಗೆ ಬಂದ ಮೇಲೆ ದೌಂಡ ಹತ್ತಿರವಾಯಿತು. ನೀಲವ್ವ ಪ್ಯಾಸೆಂಜರ್ ರೈಲು ಹತ್ತಿ ಬರುತ್ತಿದ್ದಳು. ನನ್ನ ಎರಡೂ ಬಾಣಂತನ ಮಾಡಿದವಳು ಅವಳೇ. ನನಗಿಂತ ಐದು ವರ್ಷ ಚಿಕ್ಕವಳು. ಈ ಕೆಲಸ ನನ್ನ ಕೈಗೆ ಬಂದದ್ದೂ ಅವಳ ಕೈ ನೋಡಿಯೇ. ಹಾಗಿದ್ದೂ ಆರು ವರ್ಷದ ಹಿಂದೆ ನನ್ನ ಮಗಳ ಮದುವೆಯ ಪತ್ರಿಕೆಯಲ್ಲಿ ನಾನು ಅವಳ ಹೆಸರು ಹಾಕಿಸಲಿಲ್ಲ. ಅಣ್ಣ ಸೋದರಮಾವ, ಅವನಿಲ್ಲದೆ ಮದುವೆ ಹೇಗೆ ಎಂದು ಹೆದರಿದೆ. ನೀಲವ್ವ ಕರೆಯದೆಯೇ ಬಂದು ಮೂರು ದಿನ ಅಡುಗೆಮನೆಯಲ್ಲಿ ದುಡಿದು ಹೋದಳು.

ಅಂಥವಳು ಹೋದ ವರ್ಷ ಫೋನ್ ಮಾಡಿದಳು.

“ಅಕ್ಕ, ಸುಧಾಗ ದಿನಾ ತುಂಬಲಿಕ್ಕ ಬಂದಾವ. ನಾ ಇಲ್ಲಿ ಕಾಲ ಮುರಕೊಂಡು ಕುಂತೀನಿ. ನೀ ಹೋಗ್ತಿ ಏನು?”

“ಎಲ್ಲಿಗಿ?”

“ತೈವಾನಕ್ಕ.”

“ಅದು ಯಾವ ಜಿಲ್ಲಾನ?”

“ವಿಮಾನದಾಗ ಹೋಗೋ ಜಿಲ್ಲಾ,” ಎಂದಳು. ನಗುತ್ತಾಳೋ ಬೈಯುತ್ತಾಳೋ ಗೊತ್ತಾಗಲಿಲ್ಲ. ಸುಧಾ ಅವಳ ಒಬ್ಬಳೇ ಮಗಳು. ಗಂಡ ಹೆಂಡತಿ ಇಬ್ಬರೂ ಅಲ್ಲಿ ತೈನಾನ್ ಎಂಬ ಊರಿನ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದರು. ನಾನು ಹೂಂ ಎಂದೆ. ಇಲ್ಲ ಎನ್ನುವ ಮುಖ ನನಗೆ ಇರಲಿಲ್ಲ.

ಮುಂಬಯಿ

ವೀಸಾಕ್ಕೆಂದು ಮುಂಬಯಿಗೆ ಹೋದೆ. ರಾಯಭಾರ ಕಚೇರಿ ಎಂದರೆ ಬಾವುಟ, ಬಂದೂಕಿನ ಪೊಲೀಸ ಎಲ್ಲ ಇರುತ್ತದೆ ಎಂದುಕೊಂಡಿದ್ದೆ. ಇಲ್ಲಿ ಎತ್ತರದ ಕಟ್ಟಡದೊಳಗೆ ಒಂದು ಆಫೀಸು. ರಾಯಭಾರ ಎಂಬ ಮಾತು ಬೋರ್ಡಿನಲ್ಲಿ ಎಲ್ಲೂ ಇಲ್ಲ. ವ್ಯಾಪಾರ, ಸಂಸ್ಕೃತಿ ಅಂತ ಏನೋ ಬರೆದಿದೆಯೆಂದು ಜೊತೆಗೆ ಬಂದಿದ್ದ ನನ್ನ ಮಗ ಮಹೇಶ ಓದಿ ಹೇಳಿದ. “ಅವ್ವ, ನಮ್ಮ ಸರ್ಕಾರ ಈ ದೇಶಾನ ದೇಶ ಅಂತ ಒಪ್ಪಿಲ್ಲಂತ. ಆದ್ರ ವೀಸಾ ಇಲ್ಲೇ ಕೊಡ್ತಾರಂತ.”

“ಒಪ್ಪದ ದೇಶಕ್ಕ ನನ್ನ ಕಳಸ್ತೀರೇನೋ?” ಎಂದೆ.

ಕಿಟಕಿಯ ಹಿಂದಿದ್ದ ಹುಡುಗಿ ಕಾಗದ ನೋಡಿ, ಸುಧಾ ನಿಮಗೆ ಏನಾಗಬೇಕು ಎಂದು ಹಿಂದಿಯಲ್ಲಿ ಕೇಳಿದಳು. “ಯೇ ಲಡಕೀ ಆಪ್ ಕೀ ಕೌನ್ ಲಗ್ತೀ ಹೈ?”

ಸುಧಾ ಅರ್ಜಿಯಲ್ಲಿ ‘ತಾಯಿಯ ಅಕ್ಕ’ ಎಂದು ತುಂಬಿ ಕಳಿಸಿದ್ದಳು. ಮಹೇಶ ನನ್ನ ಮೊಣಕೈ ತಿವಿದ. “ಮೇರೀ ಸಗೀ ಬೆಹನ್ ಕೀ ಲಡಕೀ ಹೈ,” ಎಂದೆ, ಬೇಕಾದ್ದಕ್ಕಿಂತ ಜೋರಾಗಿಯೇ ಎಂದೆ. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ನೀಲವ್ವ ನನ್ನ ಸ್ವಂತ ತಂಗಿ ಎಂದು ನಾನು ಹೊರಗಿನವರ ಮುಂದೆ ಹೇಳಿದ್ದು ಅದೇ ಮೊದಲು. ಅದೂ ಒಂದು ವೀಸಾಕ್ಕಾಗಿ.

ವಿಮಾನ ಇಳಿದ ಮೇಲೆ

ನನ್ನ ಚೀಲದಲ್ಲಿ ಬಾಣಂತಿಗೆ ಬೇಕಾದ ವೋಮ, ಸುಂಠಿ, ಬಾಳಂತಸೋಪು, ಖಾರೀಕು, ಅಂಟು ಎಲ್ಲ ಇದ್ದವು. ಮಗಳ ಉಡಿ ತುಂಬಲಿಕ್ಕೆ ನೀಲವ್ವ ಕೊಟ್ಟ ತೆಂಗಿನಕಾಯಿ, ಐದು ವೀಳ್ಯದೆಲೆಯೂ ಇದ್ದವು. ವಿಮಾನ ನಿಲ್ದಾಣದಲ್ಲಿ ಜೋಲುಗಿವಿಯ ಒಂದು ನಾಯಿ ಬಂದು ಚೀಲ ಮೂಸಿ, ಅದರ ಪಕ್ಕದಲ್ಲೇ ಸಭ್ಯ ಮನುಷ್ಯನಂತೆ ಕೂತುಬಿಟ್ಟಿತು. ಬೊಗಳಲಿಲ್ಲ, ಹಲ್ಲು ತೋರಿಸಲಿಲ್ಲ. ನಾನು ‘ಹಚಾ’ ಎಂದೆ. ಅದು ನನ್ನನ್ನು ನೋಡಲೂ ಇಲ್ಲ. ಒಬ್ಬ ಹೆಣ್ಣು ಅಧಿಕಾರಿ ಬಂದು ಪುಡಿಗಳನ್ನೆಲ್ಲ ಮೂಸಿ ವಾಪಸು ಇಟ್ಟಳು. ತೆಂಗಿನಕಾಯಿಯನ್ನೂ ಎಲೆಯನ್ನೂ ತೆಗೆದುಕೊಂಡಳು. ತೆಗೆದುಕೊಳ್ಳುವಾಗ ಎರಡೂ ಕೈಯಿಂದ ಹಿಡಿದು ತಲೆ ಬಾಗಿಸಿದಳು. ಕಸಿದುಕೊಳ್ಳುವಾಗಲೂ ಇಷ್ಟು ಮರ್ಯಾದೆ ಮಾಡುವ ಸರ್ಕಾರವನ್ನು ನಾನು ನೋಡಿರಲಿಲ್ಲ.

ಹೊರಗೆ ಸುಧಾಳ ಗಂಡ ಪ್ರದೀಪ ಕಾಯುತ್ತಿದ್ದ. ಮಂಡ್ಯದ ಹುಡುಗ, ನಮ್ಮ ಮಾತು ಅವನಿಗೆ ಅರ್ಧ ಅರ್ಥವಾಗುತ್ತದೆ. “ಬೇಜಾರ್ ಮಾಡ್ಕೋಬೇಡಿ ಅತ್ತೆ, ಇಲ್ಲಿ ರೋಡ್ ರೋಡಲ್ಲೂ ಎಲೆ ಅಡಿಕೆ ಸಿಗುತ್ತೆ,” ಎಂದ. ನಿಜ. ತೈನಾನಿಗೆ ಹೋಗುವಷ್ಟರಲ್ಲಿ ಅಡಿಕೆಯನ್ನು ಎಲೆಯಲ್ಲಿ ಸುತ್ತಿ ಮಾರುವ ಗಾಜಿನ ಡಬ್ಬಿಯಂಥ ಅಂಗಡಿಗಳನ್ನು ಕಂಡೆ. ಸುಣ್ಣವೂ ಹಚ್ಚುತ್ತಾರೆ. ಅಲ್ಲಿಗೆ ನನಗೆ ಧೈರ್ಯ ಬಂತು. ಎಲೆಗೆ ಸುಣ್ಣ ಹಚ್ಚುವ ಜನ ಪೂರ್ತಿ ಪರದೇಶದವರಾಗಲು ಸಾಧ್ಯವಿಲ್ಲ.

ಒಬ್ಬ ಬಾಣಂತಿ, ಎರಡು ಸರ್ಕಾರ

ಸುಧಾ ಹೆಣ್ಣು ಹಡೆದಳು. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ನಾನು ತವೆಯ ಮೇಲೆ ವೋಮ ಸುಟ್ಟು ಹೊಗೆ ಹಾಕಿದೆ. ಚಾವಣಿಯಲ್ಲಿದ್ದ ಬಿಳಿ ಡಬ್ಬಿ ಕಿರುಚಿಕೊಂಡಿತು. ಕೆಳಗಿನ ಮನೆಯ ಒಡತಿ, ಎಪ್ಪತ್ತು ದಾಟಿದ ಮುದುಕಿ, ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಹೊತ್ತು ಮೆಟ್ಟಿಲು ಹತ್ತಿ ಬಂದಳು. ಬೆಂಕಿ ಎಲ್ಲಿ ಎಂದು ಹುಡುಕಿದಳು. ಮಂಚದ ಮೇಲೆ ಕಿವಿಗೆ ಅರಿವೆ ಕಟ್ಟಿಕೊಂಡ ಬಾಣಂತಿ, ಕೆಳಗೆ ತವೆ, ಪಕ್ಕದಲ್ಲಿ ನಾನು. ಮುದುಕಿ ಮೂಗು ಅರಳಿಸಿ ವಾಸನೆ ತೆಗೆದುಕೊಂಡು, ತಿಳಿಯಿತು ಎಂಬಂತೆ ತಲೆಯಾಡಿಸಿ, ಸಿಲಿಂಡರ್ ಕೆಳಗಿಟ್ಟು, ಕುರ್ಚಿಯೊಂದನ್ನು ಎಳೆದು ಅದರ ಮೇಲೆ ನಿಂತು ಬಿಳಿ ಡಬ್ಬಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದಳು. ಅವಳೇ ಲಿನ್ ಅಜ್ಜಿ.

ಆ ದೇಶದಲ್ಲೂ ಬಾಣಂತಿಯನ್ನು ಒಂದು ತಿಂಗಳು ಹೊರಗೆ ಬಿಡುವುದಿಲ್ಲ. ತಣ್ಣೀರು ಮುಟ್ಟಿಸುವುದಿಲ್ಲ. ಸುಂಠಿ, ಎಳ್ಳೆಣ್ಣೆ, ಬಿಸಿ ಊಟ, ಎಲ್ಲ ನಮ್ಮ ಹಾಗೆಯೇ. ಲಿನ್ ಅಜ್ಜಿ ಎಳ್ಳೆಣ್ಣೆಯಲ್ಲಿ ಕೋಳಿ ಬೇಯಿಸಿ ದಿನವೂ ತರುತ್ತಿದ್ದಳು. ರುಚಿ ನೋಡಿದ ನನಗೆ ಎದೆಯೆಲ್ಲ ಬೆಚ್ಚಗಾಯಿತು. ಮೂರನೇ ದಿನ ಗೊತ್ತಾಯಿತು, ಅದರಲ್ಲಿ ನೀರಿನ ಬದಲು ಅಕ್ಕಿಯ ದಾರು ಹಾಕುತ್ತಾಳೆ! “ದೊಡ್ಡವ್ವ, ನೀ ಎರಡೆರಡು ಸಲ ಹಾಕ್ಕೊಂಡು ತಿಂದೀದಿ,” ಎಂದು ಸುಧಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಡೆದ ಹೊಟ್ಟೆ, ಹಾಗೆ ನಗಬಾರದು ಎಂದು ಬೈದೆ.

ಜಗಳವಾದದ್ದು ತಲೆಸ್ನಾನಕ್ಕೆ. ನಮ್ಮಲ್ಲಿ ತಲೆಗೆ ಎಣ್ಣೆ ಒತ್ತಿ ಬಿಸಿನೀರು ಹುಯ್ಯದೆ ಬಾಣಂತನ ಎನ್ನುವುದಿಲ್ಲ. ಅವರಲ್ಲಿ ತಿಂಗಳವರೆಗೆ ತಲೆಗೆ ನೀರು ಸೋಕಿಸುವುದಿಲ್ಲ. ನಾನು ಬಚ್ಚಲಿನ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತೆ, ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು, ಆದರೆ ಬೈಗುಳ ಎರಡೂ ಕಡೆ ಚೆನ್ನಾಗಿ ಮುಟ್ಟಿತು.

“ಪ್ರದೀಪ, ನಿಮ್ಮನ್ಯಾಗ ಯಾರ ಮಾತು ನಡೀತದ? ಈಕಿದೋ ನಂದೋ?”

“ಅತ್ತೆ, ನಾನು ಇಬ್ಬರ ಜೊತೆಗೂ ಚೆನ್ನಾಗಿರಬೇಕು. ನನ್ನನ್ನ ಕೇಳ್ಬೇಡಿ,” ಎಂದು ಅವನು ಲ್ಯಾಪ್‌ಟಾಪ್ ಹಿಡಿದು ಬಾಲ್ಕನಿಗೆ ಓಡಿದ.

ಕಡೆಗೆ ಅಜ್ಜಿಯನ್ನು ಪಕ್ಕಕ್ಕೆ ಸರಿಸಿ ನಾನೇ ಸುಧಾಳ ತಲೆ ತೊಳೆದು, ಒಣಗಿಸಿ, ಬಿಸಿ ಬಿಸಿ ಇರುವಾಗಲೇ ಅಜ್ಜಿಯ ಕೈ ಹಿಡಿದು ಕೂದಲ ಬುಡಕ್ಕೆ ಮುಟ್ಟಿಸಿದೆ. ಅವಳು ಬಹಳ ಹೊತ್ತು ಬೆರಳಾಡಿಸಿ ನೋಡಿದಳು. ಮಾರನೆಯ ದಿನ ತನ್ನ ಮೊಣಕಾಲು ತೋರಿಸಿ ಎಣ್ಣೆ ಹಚ್ಚು ಎಂದಳು. ನಾನು ಗೆದ್ದೆ.

ಹುಟ್ಟಿದ ಕಾಗದ

ಕೂಸಿನ ಜನನ ಪತ್ರ ಬಂತು. ಅವರ ಭಾಷೆಯ ಕಾಗದ. ಪ್ರದೀಪ ಒಂದೊಂದೇ ಅಕ್ಷರ ಬೆರಳಿಟ್ಟು ಓದಿದ. ಹುಟ್ಟಿದ ವರ್ಷದ ಜಾಗದಲ್ಲಿ ನೂರರ ಮೇಲೆ ಹತ್ತು ಚಿಲ್ಲರೆ ಎಂದಿತ್ತು. ಆ ದೇಶದವರು ತಮ್ಮ ಗಣರಾಜ್ಯ ಹುಟ್ಟಿದ ವರ್ಷದಿಂದ ಎಣಿಸುತ್ತಾರಂತೆ. “ಹುಟ್ಟಿದ ದಿನಾನೇ ನೂರು ದಾಟೀದಿ, ಮುದುಕಿ,” ಎಂದು ಕೂಸಿನ ಮೂಗು ಹಿಂಡಿದೆ.

“ಮತ್ತ ದೇಶದ ಹೆಸರು ಏನಂತ ಬರದಾರ?”

“ಚೀನಾ ಗಣರಾಜ್ಯ ಅಂತ.”

“ನೀವು ಚೀನಾದಾಗ ಇಲ್ಲ ಅಂದಿದ್ರಿ?”

ಅವನು ತಲೆ ಕೆರೆದುಕೊಂಡ. ಆಮೇಲೆ ಹೇಳಿದ ಕಥೆ ಇದು. ಬಹಳ ಹಿಂದೆ ಚೀನಾದೊಳಗೆ ಎರಡು ಪಕ್ಷ ಯುದ್ಧ ಮಾಡಿದವು. ಸೋತ ಪಕ್ಷದ ಸರ್ಕಾರ ಈ ದ್ವೀಪಕ್ಕೆ ಬಂತು, ಬರುವಾಗ ಹೆಸರನ್ನೂ ಹೊತ್ತು ತಂದಿತು. ಗೆದ್ದವರು ಅಲ್ಲಿ ಹೊಸ ಸರ್ಕಾರ ಮಾಡಿದರು. ಇಬ್ಬರೂ ‘ನಾವೇ ಚೀನಾ’ ಎಂದರು. ಎಷ್ಟೋ ವರ್ಷ ದೊಡ್ಡ ದೊಡ್ಡ ದೇಶಗಳು ಈ ದ್ವೀಪವನ್ನೇ ಚೀನಾ ಎಂದು ಜಗತ್ತಿನ ಸಭೆಯಲ್ಲಿ ಕುರ್ಚಿ ಕೊಟ್ಟು ಕೂಡಿಸಿದ್ದವು. ಆಮೇಲೆ ಆ ಕುರ್ಚಿ ಅವರಿಗೆ ಹೋಯಿತು. ಇವರು ಎದ್ದು ಬಂದರು.

“ಇಬ್ಬರನ್ನೂ ಕೂಡಿಸಿದ್ರ ಏನಾಗ್ತಿತ್ತು?”

“ಆಗಲ್ಲ ಅತ್ತೆ. ಇವರನ್ನ ದೇಶ ಅಂತ ಒಪ್ಕೊಂಡ್ರೆ ಅವರು ಸಂಬಂಧ ಕಡ್ಕೊಂಡು ಎದ್ದು ಹೋಗ್ತಾರೆ. ಅದಕ್ಕೇ ಈಗ ಇವರನ್ನ ಒಪ್ಕೊಂಡಿರೋ ದೇಶಗಳನ್ನ ಬೆರಳಲ್ಲೇ ಎಣಿಸಿಬಿಡಬಹುದು. ಬಾಕಿಯವರೆಲ್ಲ ಒಳಗೊಳಗೆ ವ್ಯಾಪಾರ ಮಾಡ್ತಾರೆ, ಆಫೀಸ್ ಇಟ್ಕೋತಾರೆ, ಹೆಸರು ಮಾತ್ರ ಹೇಳಲ್ಲ. ಈಗ ಇಲ್ಲಿಯವರಿಗೂ ಆ ಚೀನಾ ಹೆಸರು ಬೇಕಾಗಿಲ್ಲ. ತುಂಬ ಜನ ನಮ್ಮನ್ನ ನಾವಾಗಿ ಬಿಡಿ ಅಂತಾರೆ.”

ಅವನಿಗೆ ಇದೆಲ್ಲ ರಾಜಕೀಯ. ನಾನು ಕೂಸಿನ ಲಂಗೋಟಿ ಮಡಚುತ್ತ ಕೂತಿದ್ದೆ. ಈ ಕಾನೂನು ನನಗೆ ಗೊತ್ತಿತ್ತು. ಇದನ್ನು ಮಾಡಿದ್ದು ನಮ್ಮಣ್ಣ ಎಂದು ಇಷ್ಟು ದಿನ ತಿಳಿದಿದ್ದೆ.

ಲಿನ್ ಅಜ್ಜಿಯ ಟಿವಿ

ತೈನಾನಿನಲ್ಲಿ ಕಸದ ಗಾಡಿ ಹಾಡು ಹಾಡುತ್ತ ಬರುತ್ತದೆ. ನಮ್ಮ ಪುಣೆಯ ಘಂಟಾಗಾಡಿಯೂ ಹಾಡುತ್ತದೆ, ಆದರೆ ನಾವು ಹಾಡು ಕೇಳಿ ಬಾಗಿಲು ಹಾಕಿಕೊಳ್ಳುತ್ತೇವೆ. ಅಲ್ಲಿ ಓಣಿಗೆ ಓಣಿಯೇ ಚೀಲ ಹಿಡಿದು ಇಳಿಯುತ್ತದೆ. ದಿನದ ಸಾಯಂಕಾಲದ ಮಾತುಕತೆ ಅಲ್ಲೇ. ಒಂದು ದಿನ ಕಸ ಹಾಕಿದ ಮೇಲೆ ಅಜ್ಜಿ ನನ್ನನ್ನೂ ಸುಧಾಳ ಗಂಡನನ್ನೂ ಒಳಗೆ ಕರೆದು ಚಹಾ ಕೊಟ್ಟಳು. ಹಾಲಿಲ್ಲದ, ಸಕ್ಕರೆಯಿಲ್ಲದ ಚಹಾ. ಮರ್ಯಾದೆಗೆ ಕುಡಿದೆ.

ಟಿವಿಯಲ್ಲಿ ಬ್ಯಾಡ್ಮಿಂಟನ್. ಅವರ ಹುಡುಗಿ ಆಡುತ್ತಿದ್ದಳು, ಅಜ್ಜಿ ಕುರ್ಚಿಯಲ್ಲೇ ಕುಣಿಯುತ್ತಿದ್ದಳು. ಪರದೆಯ ಮೂಲೆಯಲ್ಲಿದ್ದ ಬಾವುಟ ಮಾತ್ರ ಬೀದಿಯಲ್ಲಿ ನಾನು ದಿನಾ ನೋಡುವ ಬಾವುಟವಲ್ಲ. ಯಾಕೆ ಎಂದು ಪ್ರದೀಪನಿಂದ ಕೇಳಿಸಿದೆ. ಹೊರಗಿನ ಆಟಗಳಿಗೆ ಹೋಗಬೇಕಾದರೆ ಅವರು ತಮ್ಮ ಹೆಸರು, ತಮ್ಮ ಬಾವುಟ ಮನೆಯಲ್ಲಿಟ್ಟು ಹೋಗಬೇಕಂತೆ.

ಅಜ್ಜಿ ನಗುತ್ತಲೇ ಏನೋ ಹೇಳಿದಳು. ಪ್ರದೀಪ ಹೇಳಲೋ ಬೇಡವೋ ಎಂದು ತಡೆದು ಹೇಳಿದ. “ಎಲ್ಲ ದೇಶದವರೂ ನಮ್ಮ ಮನೆಗೆ ಬರ್ತಾರೆ, ಊಟ ಮಾಡ್ತಾರೆ, ಚೆನ್ನಾಗಿದೆ ಅಂತಾರೆ. ಫೋಟೋ ತೆಗೆಯೋವಾಗ ಮಾತ್ರ ಸ್ವಲ್ಪ ಪಕ್ಕಕ್ಕೆ ನಿಲ್ಲಿ ಅಂತಾರೆ ಅಂತಿದ್ದಾರೆ.”

ನನ್ನ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟೆ.

ಮಗಳ ಮದುವೆಯಲ್ಲಿ ಬಳಗದ ಫೋಟೋಕ್ಕೆ ಎಲ್ಲರನ್ನೂ ಕರೆದಾಗ ನೀಲವ್ವ ಕೈ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು ಬಂದಿದ್ದಳು. ಅಣ್ಣ ನನ್ನ ಮುಖ ನೋಡಿದ. ನಾನು ಅವಳ ಕೈಗೆ ನನ್ನ ಪರ್ಸು, ಅಣ್ಣನ ಸೊಸೆಯಂದಿರ ಚಪ್ಪಲಿ ಚೀಲ ಕೊಟ್ಟು, “ಇಷ್ಟ ಹಿಡ್ಕೋ ನೀಲಾ, ಇಲ್ಲೇ ನಿಂದ್ರು,” ಎಂದೆ. ಅವಳು ಹಿಡಿದುಕೊಂಡು ನಿಂತಳು. ಅದಕ್ಕಿಂತ ಕೆಟ್ಟದ್ದು ಅದಾದ ಮೇಲೆ ನಡೆಯಿತು. ಬೀಗತಿ, ನನ್ನ ಮಗಳ ಅತ್ತೆ, ಅಡುಗೆಮನೆಗೆ ಬಂದು “ಇವರು ಯಾರ್ರಿ? ಭಾಳ ಚಂದ ಉಂಡಿ ಕಟ್ತಾರ,” ಎಂದು ಕೇಳಿದಳು. “ನನ್ನ ಕೂಡ ಬಾಣಂತನದ ಕೆಲಸ ಮಾಡ್ತಾರ್ರಿ,” ಎಂದೆ. ನನ್ನ ಬಾಣಂತನ ಮಾಡಿದವಳನ್ನು ನಾನು ಹಾಗೆಂದೆ. ಅವಳಿಗೆ ಕೇಳಿಸಿರಲಾರದು ಎಂದು ಆರು ವರ್ಷ ಸಮಾಧಾನ ಮಾಡಿಕೊಂಡೆ.

ಮೂವತ್ತೊಂದನೆಯ ದಿನ

ಮಹೇಶನ ಮದುವೆ ನಾನು ತಿರುಗಿ ಬಂದ ಮೇಲೆ ಎಂದು ಮೊದಲೇ ಗಟ್ಟಿಯಾಗಿತ್ತು. ಕೂಸಿಗೆ ಮೂವತ್ತೊಂದು ದಿನವಾದಾಗ ಅವನು ಪತ್ರಿಕೆಯ ಕರಡನ್ನು ಫೋನಿಗೆ ಕಳಿಸಿದ. “ಅವ್ವ, ಮಾಮಾ ನೋಡ್ಯಾರ. ನೀ ಹೂಂ ಅಂದ್ರ ಅಚ್ಚಿಗಿ ಕೊಡ್ತೀನಿ.” ಗಣಪತಿಯ ಕೆಳಗೆ ತೀರಿಕೊಂಡ ಹಿರಿಯರ ಸಾಲು, ಅದರಲ್ಲಿ ಅಪ್ಪ, ನಮ್ಮವ್ವ. ಅದರ ಕೆಳಗೆ ದೊಡ್ಡವರು, ಸೋದರಮಾವ, ಬಳಗ. ದೌಂಡ ಎಲ್ಲೂ ಇಲ್ಲ.

ಸುಧಾ ನನ್ನ ಭುಜದ ಮೇಲಿಂದ ನೋಡಿದಳು. ಕೂಸನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡು ಹಾಲು ಕೊಡತೊಡಗಿದಳು. ಅವಳು ನಾಲ್ಕು ಮಾತು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಬಾಲ್ಕನಿಗೆ ಹೋಗಿ ನೀಲವ್ವನಿಗೆ ಫೋನ್ ಹಚ್ಚಿದೆ.

“ನೀಲಾ, ಮಹೇಶನ ಪತ್ರಿಕಿ ಬಂದದ. ನಿನ್ನ ಹೆಸರು ಹಾಕಸ್ತೀನಿ.”

“ಬ್ಯಾಡ.”

“ಯಾಕ?”

“ನನಗ ಹೆಸರು ಎದಕ್ಕ ಬೇಕಕ್ಕ? ನಾ ಇದ್ದೀನಿ, ಬಂದು ನಿಂತ್ರ ಕಾಣ್ತೀನಿ. ಹಾಕಸೋದಿದ್ರ ಮ್ಯಾಲ ಸತ್ತವರ ಸಾಲಿನಾಗ ನಮ್ಮವ್ವಂದು ಹಾಕಸು. ಅಪ್ಪನ ಹೆಸರಿನ ಬಾಜೂಕ.”

ನನಗೆ ಸಿಟ್ಟು ಬಂತು. ಮುಚ್ಚಿಡುವುದಿಲ್ಲ. ಆ ಚಂದ್ರಭಾಗಾಳ ಕಾರಣದಿಂದ ನಮ್ಮವ್ವ ಹಬ್ಬದ ದಿನ ಎರಡು ಎಲೆ ಹಾಕಿ ಅಪ್ಪನ ದಾರಿ ನೋಡುತ್ತ ಕೂತದ್ದನ್ನು ನಾನು ಕಂಡವಳು. “ಅದೊಂದ ಕೇಳಬ್ಯಾಡ,” ಎಂದೆ.

“ಸರಿ. ಕೂಸಿಗಿ ಮಾಲಿಶಿ ಮಾಡುವಾಗ ಬಲಗಾಲು ಜಗ್ಗಿ ಮಾಡು. ಸುಧಾಗೂ ಹಂಗ ಇತ್ತು,” ಎಂದು ಫೋನಿಟ್ಟಳು.

ಒಳಗೆ ಹೋಗಿ ಕೂಸಿಗೆ ನೀರು ಹಾಕಿದೆ. ಬಲಗಾಲು ಜಗ್ಗಿದೆ. ನಿಜವಾಗಿ ಸ್ವಲ್ಪ ಬಿಗಿಯಿತ್ತು. ಮೂವತ್ತೊಂದು ದಿನ ಮುಟ್ಟಿದ ನನ್ನ ಕೈಗೆ ಸಿಕ್ಕಿರಲಿಲ್ಲ. ದೌಂಡದಲ್ಲಿ ಕಾಲು ಮುರಿದುಕೊಂಡು ಕೂತವಳಿಗೆ ತಿಳಿದಿತ್ತು. ಆ ಕಾಲು ಚಂದ್ರಭಾಗಾಳ ಮೊಮ್ಮಗಳ ಮಗಳದು. ನಾನು ಅದಕ್ಕೆ ಎಣ್ಣೆ ಹಚ್ಚಬಲ್ಲೆ, ಮುದ್ದು ಮಾಡಬಲ್ಲೆ, ಮುಂಬಯಿಯ ಆಫೀಸಿನಲ್ಲಿ ನನ್ನದು ಎನ್ನಬಲ್ಲೆ. ಅದು ಬಂದ ಬಸಿರನ್ನು ಮಾತ್ರ ಒಪ್ಪಲಾರೆ ಎಂದರೆ ನಾನು ಯಾವ ದೊಡ್ಡ ದೇಶ?

ಕೂಸನ್ನು ಸುತ್ತಿ ಮಲಗಿಸಿ ಮಹೇಶನಿಗೆ ಹೇಳಿದೆ. “ಮ್ಯಾಲಿನ ಸಾಲಿನಾಗ ನಮ್ಮವ್ವನ ಹೆಸರಾದ ಮ್ಯಾಲ ಚಂದ್ರಭಾಗಾ ಭೀಮರಾಯ ಅಂತ ಒಂದು ಹೆಸರು ಹಾಕಸು. ಕೆಳಗ ನೀಲವ್ವ, ದೌಂಡ ಅಂತ ಹಾಕಸು. ಸೋದರಮಾವನ ಹೆಸರು ಎಲ್ಲಿ ಅದ ಅಲ್ಲೇ ಇರಲಿ.”

ಹತ್ತು ನಿಮಿಷದಲ್ಲಿ ಅಣ್ಣನ ಫೋನ್.

“ತಲಿ ಕೆಟ್ಟದ ಏನು ನಿಂದು? ಆ ಹೆಸರು ಬಂತಂದ್ರ ನಾವು ಯಾರೂ ಬರಂಗಿಲ್ಲ.”

“ಬರೋದು ಬಿಡೋದು ನಿನ್ನ ಮರ್ಜಿ ಅಣ್ಣ. ಸೋದರಮಾವನ ಕುರ್ಚಿ ಹಾಕಿಸಿರ್ತೀನಿ. ಅದರಾಗ ಬ್ಯಾರೆ ಯಾರನ್ನೂ ಕೂಡ್ರಸಂಗಿಲ್ಲ.”

“ಖಾಲಿ ಕುರ್ಚಿ ಇಟ್ಟು ನಮ್ಮ ಮಾನ ಕಳೀತಿ?”

“ಅದು ಖಾಲಿ ಇದ್ರ ಜನ ನಿನ್ನ ಕೇಳ್ತಾರ, ನನ್ನ ಕೇಳಂಗಿಲ್ಲ.”

ಅವನು ಫೋನ್ ಕುಕ್ಕಿದ. ಆರು ವರ್ಷದ ಹಿಂದೆಯೂ ಇಷ್ಟೇ ಸುಲಭವಿತ್ತು ಎಂಬುದೊಂದೇ ನನ್ನನ್ನು ಚುಚ್ಚಿತು.

ದೌಂಡಕ್ಕೆ

ಹೊಸ ಕರಡು ಬಂದ ಕೂಡಲೇ ಅದನ್ನು ನೀಲವ್ವನಿಗೆ ಕಳಿಸಿದೆ. ಅವಳ ಫೋನು ಬರಲು ಅರ್ಧ ತಾಸು ಹಿಡಿಯಿತು. ಹಲೋ ಎಂದಳು. ಹಿಂದೆ ದೌಂಡದ ರೈಲು ಹೋಗುವ ಸದ್ದು ಕೇಳುತ್ತಿತ್ತು. ಆ ಸದ್ದು ಮುಗಿಯುವ ಮುಂಚೆ ನಾನು ಹೇಳಿಬಿಟ್ಟೆ.

“ನೀಲಾ, ಅವತ್ತು ಮದಿವ್ಯಾಗ ಬೀಗತಿ ಕೇಳಿದಾಗ ನಾ ನಿನ್ನ ಏನಂದೆ ಗೊತ್ತೇನು?”

“ಗೊತ್ತದ. ಎರಡು ಮಾರು ದೂರದಾಗ ಕುಂತಿದ್ದೆ.”

“ಮತ್ತ ಎದ್ದು ಯಾಕ ಹೋಗಲಿಲ್ಲ?”

“ಬುಂದೆ ಬಿಸಿ ಇತ್ತಕ್ಕ. ಆರಿತಂದ್ರ ಉಂಡಿ ಕಟ್ಟಲಿಕ್ಕ ಬರಂಗಿಲ್ಲ.”

ತಪ್ಪಾಯಿತು ಎಂದೆ. ಅವಳು ಇರಲಿ ಎನ್ನಲಿಲ್ಲ. ಪತ್ರಿಕೆಯನ್ನು ಫೋನಿನಲ್ಲಿ ದೊಡ್ಡದು ಮಾಡಲು ತನಗೆ ಬರುವುದಿಲ್ಲ, ಅಕ್ಷರ ಕಾಣುವುದಿಲ್ಲ, ಅವ್ವನ ಹೆಸರು ಎಲ್ಲಿದೆ ಓದಿ ಹೇಳು ಎಂದಳು. ನಾನು ಓದುವುದಕ್ಕೆ ಮುಂಚೆ ಅವಳೇ ತಡೆದಳು.

“ಅಕ್ಕ, ನಿಮ್ಮವ್ವನ ಹೆಸರು ಮೊದಲ ಇರ್ಲಿ. ನಮ್ಮವ್ವಂದು ಆಮ್ಯಾಲ ಹಾಕಸು. ಆಕಿ ದೊಡ್ಡಾಕಿ, ಆಕಿಗಿ ನೋವಾಗಬಾರದು.”

“ಆಗ್ಲವ್ವ, ಹಂಗೇ ಮಾಡಸ್ತೀನಿ,” ಎಂದೆ.

ಅದು ಆಗಲೇ ಹಾಗಿತ್ತು. ಮಹೇಶನಿಗೆ ಹೇಳುವಾಗಲೇ ನಾನು ನಮ್ಮವ್ವನನ್ನು ಮುಂದೆ, ಅವರವ್ವನನ್ನು ಹಿಂದೆ ಇಡಿಸಿದ್ದೆ, ಯಾರನ್ನೂ ಕೇಳದೆ. ಅದನ್ನು ಅವಳಿಗೆ ಇನ್ನೂ ಹೇಳಿಲ್ಲ. ಈ ಬರಹವನ್ನು ಯಾರಿಂದಲಾದರೂ ಓದಿಸಿಕೊಂಡಾಗ ಅವಳಿಗೆ ಗೊತ್ತಾಗುತ್ತದೆ.